ಟ್ಯೂಬ್ ಬದಲಿಸದೆ ಬಿಳಚಿದ ಐಓಪಿಎ (ಬೇರಿನ ತುದಿವರೆಗೆ ತೋರಿಸುವ ಹಲ್ಲಿನ ಎಕ್ಸ್‌ರೇ) ಸರಿಮಾಡಿದ್ದು

ಮಲ್ಪೆಯ ನನ್ನ ಹಲ್ಲಿನ ಕ್ಲಿನಿಕ್‌ನಲ್ಲಿರುವುದು 70 ಕೆವಿ (ಟ್ಯೂಬಿನ ವೋಲ್ಟೇಜ್), 8 ಎಂಎ (ಟ್ಯೂಬಿನ ಕರೆಂಟ್) ಹಳೇ ಎಸಿ ಕರೆಂಟಿನ ಎಕ್ಸ್‌ರೇ ಮೆಷಿನ್. ಈಗಲೂ ಇ-ಸ್ಪೀಡ್ (ವೇಗದ ಒಂದು ದರ್ಜೆ) ಫಿಲಂ. ಕಳೆದ ಮಳೆಗಾಲದಲ್ಲಿ ಐಓಪಿಎಗಳೆಲ್ಲ ಬಿಳಚತೊಡಗಿದವು. ಮೇಲಿನ ದವಡೆ ಹಲ್ಲಿನ ಬೇರಿನ ತುದಿ ಕಾಣುತ್ತಲೇ ಇರಲಿಲ್ಲ. ಸರ್ವಿಸ್‌ಗೆ ಬಂದವರು ಟ್ಯೂಬ್ ವೀಕ್ ಎಂದು ಅರವತ್ತು ಸಾವಿರದ ಹತ್ತಿರ ಹೇಳಿದರು. ಗೆಳೆಯರು ಫಿಲಂ ಬಿಟ್ಟು ಆರ್‌ವಿಜಿ (ಡಿಜಿಟಲ್ ಸೆನ್ಸರ್) ತಗೋ ಎಂದರು. ಸುಮ್ನೆ ಎಕ್ಸ್‌ಪೋಶರ್ ಟೈಮ್ ಏರಿಸು ಎಂದವರೂ ಇದ್ದರು. ಅದಕ್ಕಂತೂ ನಾನು ಒಪ್ಪಲಿಲ್ಲ. ಕೆವಿ ಬಿದ್ದಾಗ ಬರುವ ಕಿರಣಗಳು ಮೆತ್ತಗಿನವು, ಬಹಳಷ್ಟು ಕೆನ್ನೆಯಲ್ಲೇ ಉಳಿಯುತ್ತವೆ. ಟೈಮ್ ಏರಿಸಿದರೆ ಫಿಲಂ ಕಪ್ಪಾಗಬಹುದು, ಡೋಸ್ ಮಾತ್ರ ಪೇಷಂಟ್‌ಗೆ ಜಾಸ್ತಿ.

ಮೊದಲು ಡೆವಲಪರ್ (ಫಿಲಂ ತೊಳೆಯುವ ದ್ರಾವಣ) ಮೇಲೆ ಅನುಮಾನ. ಫಿಲಂ ಪ್ಯಾಕೆಟ್‌ನ ಸೀಸದ ಹಾಳೆಗಳನ್ನು ಒಂದರ ಮೇಲೊಂದು ಮೆಟ್ಟಿಲಿನಂತೆ ಅಂಟಿಸಿ ಸ್ಟೆಪ್ ವೆಜ್ ಮಾಡಿಕೊಂಡೆ; ಫಿಲಂ ಮೇಲೆ ಎಷ್ಟು ಮೆಟ್ಟಿಲು ಕಾಣುತ್ತವೆ ಎಂಬುದರಿಂದ ಎಕ್ಸ್‌ರೇ ಎಷ್ಟು ಸರಿ ಬರುತ್ತಿದೆ ಎಂದು ತಿಳಿಯುತ್ತದೆ. ಖರ್ಚು ಸೊನ್ನೆ. ಹೊಸ ಡೆವಲಪರ್, 20 ಡಿಗ್ರಿ, 5 ನಿಮಿಷ. ನಮ್ಮಲ್ಲಿ ನಲ್ಲಿ ನೀರೇ 27-28 ಇರುತ್ತದೆ ಅಲ್ವಾ? ಬಂದರಿನಿಂದ ಮೀನಿನ ಐಸ್ ತಂದು ದೊಡ್ಡ ಟಬ್‌ನಲ್ಲಿ ಟ್ಯಾಂಕ್ ಇಟ್ಟೆ. ಅದೇ ವೆಜ್ಜನ್ನು ಉಡುಪಿಯ ಗೆಳೆಯನ ಅದೇ ಮಾಡೆಲ್ ಮೆಷಿನ್‌ನಲ್ಲೂ ಎಕ್ಸ್‌ಪೋಸ್ ಮಾಡಿ, ಎರಡೂ ಫಿಲಂ ಒಟ್ಟಿಗೆ ತೊಳೆದೆ. ಅವನದು ಎಲ್ಲಾ ಮೆಟ್ಟಿಲೂ ತೋರಿಸಿತು, ನನ್ನದು ಮೂರಕ್ಕೇ ನಿಂತಿತು. ಡೆವಲಪರ್ ನಿರಪರಾಧಿ.

ವೆಜ್ ಕೈಯಲ್ಲಿದ್ದಾಗ ಇನ್ನೊಂದನ್ನೂ ನೋಡಿಬಿಟ್ಟೆ. ಫೋಕಸ್‌ನಿಂದ (ಟ್ಯೂಬಿನಲ್ಲಿ ಕಿರಣ ಹೊರಡುವ ಬಿಂದು) ಫಿಲಂ ದೂರ 20 ಸೆಂ.ಮೀ. ಇದ್ದದ್ದನ್ನು 40 ಮಾಡಿದೆ. ನಾಲ್ಕು ಪಟ್ಟು ಟೈಮ್ ಕೊಟ್ಟ ಮೇಲೆಯೇ ಮೆಟ್ಟಿಲುಗಳು ಹೊಂದಿದವು. ದೂರ ಎರಡು ಪಟ್ಟಾದರೆ ಕಿರಣದ ತೀವ್ರತೆ ಕಾಲು ಭಾಗಕ್ಕಿಳಿಯುತ್ತದೆ ಎಂದು ಪರೀಕ್ಷೆಗೆ ಓದಿದ್ದನ್ನು ಫಿಲಂ ಮೇಲೆ ನೋಡುವ ಖುಷಿಯೇ ಬೇರೆ.

ಆಮೇಲೆ ಐಸ್ ಪ್ಲಾಂಟ್‌ಗಳ ಲೋಡ್‌ನಿಂದ ವೋಲ್ಟೇಜ್ ಬೀಳುತ್ತಿರಬಹುದು ಎಂದು ಸ್ಟೆಬಿಲೈಸರ್ ಹಾಕಿದೆ. ಏಳು ಸಾವಿರ ನೀರಿಗೆ ಹೋಯಿತು. ಎಕ್ಸ್‌ಪೋಶರ್ ಅರ್ಧ ಸೆಕೆಂಡ್. ಸ್ಟೆಬಿಲೈಸರಿನ ರಿಲೇ (ವೋಲ್ಟೇಜ್ ಸರಿಪಡಿಸುವ ಸ್ವಿಚ್) ಟಿಕ್ ಎನ್ನುವಷ್ಟರಲ್ಲಿ ಬೀಪ್ ಮುಗಿದಿರುತ್ತದೆ.

ಕೊನೆಗೆ ಎಲೆಕ್ಟ್ರೀಷಿಯನ್‌ನನ್ನು ಕರೆದು, ಮೆಷಿನ್‌ನ ಪಾಯಿಂಟ್‌ನಲ್ಲಿ ವೋಲ್ಟೇಜಿನ ಮಿನಿಮಮ್ ಹಿಡಿದಿಡುವ ಮೀಟರ್ ಹಾಕಿಸಿದೆ. ಸುಮ್ಮನಿದ್ದಾಗ 228 ವೋಲ್ಟ್. ಬಟನ್ ಒತ್ತಿದಾಗ 190ರ ಹತ್ತಿರ. "ಡಾಕ್ಟ್ರೇ, ಇದು ಲೈನಿನದ್ದೇ" ಎಂದ. ಸೀಲಿಂಗ್ ಮೇಲಿನ ಒಂದು ಜಾಯಿಂಟ್ ಉಪ್ಪು ಗಾಳಿಗೆ ಹಸಿರು ಕಿಲುಬು ಹಿಡಿದಿತ್ತು, ವೈರೂ ತೆಳ್ಳಗಿನದು. ನಮ್ಮಂಥ ಹಳೇ ಮೆಷಿನ್‌ನಲ್ಲಿ ಲೈನ್ ಶೇಕಡಾ 15 ಬಿದ್ದರೆ 70 ಕೆವಿ 60ಕ್ಕೆ ಇಳಿಯುತ್ತದೆ. ಟ್ಯೂಬಿನೊಳಗಿನ ಫಿಲಮೆಂಟ್ (ಬಿಸಿಯಾಗುವ ತಂತಿ) ತಣ್ಣಗಾಗಿ ಎಂಎ ಕೂಡ ಇಳಿದರೆ ಔಟ್‌ಪುಟ್ ಇನ್ನೂ ಕುಸಿಯುತ್ತದೆ.

ವೈರ್ ಬದಲಿಸಿದರೆ ಎಕ್ಸ್‌ರೇ ಸರಿಯಾಗುತ್ತದಾ ಎಂದು ನಕ್ಕವರೇ ಜಾಸ್ತಿ. ಮೀಟರ್ ಬೋರ್ಡ್‌ನಿಂದ ನೇರವಾಗಿ 4 ಸ್ಕ್ವೇರ್ ಎಂಎಂ ತಾಮ್ರದ ವೈರ್, ಬೇರೆ ಅರ್ತಿಂಗ್, ನಡುವೆ ಒಂದೂ ಜಾಯಿಂಟ್ ಇಲ್ಲ. ಕೂಲಿ ಸೇರಿ ನಾಲ್ಕೂವರೆ ಸಾವಿರ ಆಗಿರಬೇಕು. ತುದಿಗಳಿಗೆ ಕಿಲುಬು ಹತ್ತದಂತೆ ಏನು ಬಳಿದೆ ಎಂಬುದನ್ನು ಈಗ ಹೇಳುವುದಿಲ್ಲ, ಇನ್ನೊಂದು ಮಳೆಗಾಲ ಕಳೆಯಲಿ.

ಆ ಸಂಜೆಯೇ ವೆಜ್ಜಿನ ಮೆಟ್ಟಿಲುಗಳೆಲ್ಲ ಕಂಡವು. ನಂತರ ಕ್ಯೂಎಗೆ (ಮೆಷಿನ್‌ನ ಗುಣಮಟ್ಟ ತಪಾಸಣೆಗೆ) ಬಂದವರ ಮೀಟರ್‌ನಲ್ಲಿ ಕೆವಿ 69. ಅವರಿಗೆ ಹಳೇ ಫಿಲಂ, ಹೊಸ ಫಿಲಂ ಎರಡನ್ನೂ ಹೆಮ್ಮೆಯಿಂದಲೇ ತೋರಿಸಿದೆ. ಟ್ಯೂಬ್ ಅದೇ. ಮೇಲಿನ ದವಡೆ ಹಲ್ಲಿಗೆ ಅದೇ ಅರ್ಧ ಸೆಕೆಂಡ್ ಸಾಕು.