107 ಗೆಲುವು, 106 ಗೆಲುವು: ಯಾವ ಟೀಮ್ ಮೇಲು ಅಂತ ನಾನು ಲೆಕ್ಕ ಹಾಕಿದ್ದು

2021ರಲ್ಲಿ ಅಮೆರಿಕದ ಬೇಸ್‌ಬಾಲ್‌ನಲ್ಲಿ ನ್ಯಾಷನಲ್ ಲೀಗ್‌ನ ವೆಸ್ಟ್ ಡಿವಿಷನ್, ಅಂದರೆ ಪಶ್ಚಿಮದ ಟೀಮುಗಳ ಗುಂಪಿನ ಆಟ, ಮುಗಿದಾಗ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಗೆದ್ದದ್ದು 107 ಆಟ, ಲಾಸ್ ಏಂಜಲಿಸ್ ಡಾಡ್ಜರ್ಸ್ 106. 162 ಆಟ ಆಡಿ ಒಂದೇ ಒಂದು ಆಟದ ಅಂತರ. ನಾನು ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದವನು, ಜೈಂಟ್ಸ್ ಕಡೆ. ನಮ್ಮ ಭಾವ ಲಾಸ್ ಏಂಜಲಿಸ್ ಕಡೆಯವರು, ಡಾಡ್ಜರ್ಸ್ ಅಂದ್ರೆ ಪ್ರಾಣ.

"ಪಟ್ಟಿ ನೋಡಿ ಭಾವ, ಮುಗೀತು" ಅಂದೆ.

"ಪಟ್ಟಿ ಬಿಡಪ್ಪಾ. ನಿಜವಾಗ್ಲೂ ಯಾವ ಟೀಮ್ ಚೆನ್ನಾಗಿದೆ, ಅದು ಹೇಳು" ಅಂದರು.

ಪ್ರಶ್ನೆ ಸರಿಯಾಗೇ ಇತ್ತು. ಡಿವಿಷನ್ ಗೆದ್ದವರು ಜೈಂಟ್ಸ್, ಅದರಲ್ಲಿ ವಾದವೇ ಇಲ್ಲ. ಆದರೆ ಇದೇ ಎರಡು ಟೀಮ್ ಇದೇ ಸೀಸನ್ನನ್ನು ಮತ್ತೆ ಮತ್ತೆ ಆಡಿದರೆ ಹೆಚ್ಚು ಸಲ ಮೇಲೆ ಬರುವವರು ಯಾರು? ನಾನು ಹುಡುಕಿದ್ದು ಇದಕ್ಕೆ ಉತ್ತರ. ಎಕ್ಸೆಲ್ ತೆಗೆಯುವ ಮೊದಲೇ ಇದನ್ನು ಬರೆದಿಟ್ಟುಕೊಂಡೆ. ಇಲ್ಲದಿದ್ದರೆ ನಮಗೆ ಬೇಕಾದ ಅಂಕಿ ಮಾತ್ರ ಕಣ್ಣಿಗೆ ಬೀಳುತ್ತದೆ, ಅಲ್ವಾ?

ಮೊದಲು ಅದೃಷ್ಟದ ಪಾಲು ಎಷ್ಟು ಅಂತ ನೋಡಿದೆ. ಒಂದು ನಾಣ್ಯವನ್ನು 162 ಸಲ ಚಿಮ್ಮಿದರೆ ಸರಾಸರಿ 81 ಸಲ ಹೆಡ್ ಬೀಳಬೇಕು. ಆದರೆ ಆ ಕಡೆ ಈ ಕಡೆ ಆರು ಹೆಚ್ಚುಕಮ್ಮಿ ಆಗುವುದು ತೀರಾ ಮಾಮೂಲು. ನೂರಕ್ಕೆ 65 ಆಟ ಗೆಲ್ಲುವ ಟೀಮಿಗೂ ಲೆಕ್ಕ ಹೆಚ್ಚುಕಡಿಮೆ ಇಷ್ಟೇ ಬರುತ್ತದೆ. ಅಂದರೆ 105 ಗೆಲ್ಲುವ ತಾಕತ್ತಿನ ಟೀಮ್ ಒಂದು ವರ್ಷ 99ಕ್ಕೆ ನಿಲ್ಲಬಹುದು, ಇನ್ನೊಂದು ವರ್ಷ 111 ಮುಟ್ಟಬಹುದು. ಹೀಗಿರುವಾಗ ಒಂದು ಆಟದ ಅಂತರದಿಂದ ಏನೂ ತಿಳಿಯುವುದಿಲ್ಲ.

ಹಾಗಾಗಿ ಗೆಲುವು ಬಿಟ್ಟು ರನ್ ನೋಡಿದೆ. ಕ್ರಿಕೆಟ್ ನೋಡುವವರಿಗೆ ನೆಟ್ ರನ್ ರೇಟ್ ಗೊತ್ತಿದೆಯಲ್ಲ, ಇದೂ ಅದೇ ಜಾತಿಯದು. ಡಾಡ್ಜರ್ಸ್ ಹೊಡೆದದ್ದು 830 ರನ್, ಬಿಟ್ಟುಕೊಟ್ಟದ್ದು 561. ಜೈಂಟ್ಸ್ ಹೊಡೆದದ್ದು 804, ಬಿಟ್ಟುಕೊಟ್ಟದ್ದು 594. ಒಬ್ಬರಿಗೆ 269 ಮಿಗುತ್ತದೆ, ಇನ್ನೊಬ್ಬರಿಗೆ 210. ಇದನ್ನು ಗೆಲುವಿನ ಲೆಕ್ಕಕ್ಕೆ ತಿರುಗಿಸಲು ಬೇಸ್‌ಬಾಲ್ ಅಂಕಿಅಂಶಗಳ ಲೇಖಕ ಬಿಲ್ ಜೇಮ್ಸ್ ಕೊಟ್ಟ ಒಂದು ಸೂತ್ರ ಇದೆ. ಹೊಡೆದ ರನ್ನಿನ ವರ್ಗವನ್ನು, ಹೊಡೆದದ್ದರ ವರ್ಗ ಮತ್ತು ಬಿಟ್ಟುಕೊಟ್ಟದ್ದರ ವರ್ಗ ಎರಡನ್ನೂ ಕೂಡಿದ ಮೊತ್ತದಿಂದ ಭಾಗಿಸುವುದು. ಈಗ ಬಹಳ ಜನ ಘಾತ 2ರ ಬದಲು 1.83 ಹಾಕುತ್ತಾರೆ, ನಾನೂ ಅದನ್ನೇ ಹಾಕಿದೆ. ಡಾಡ್ಜರ್ಸ್‌ಗೆ 109 ಗೆಲುವು ಬಂತು, ಜೈಂಟ್ಸ್‌ಗೆ 103. ನನಗೆ ಇಷ್ಟವಾಗಲಿಲ್ಲ, ನಿಜ ಹೇಳಬೇಕಲ್ಲ!

ಇಲ್ಲಿಗೆ ನಿಲ್ಲಿಸುವವರೇ ಜಾಸ್ತಿ. ನಾನು ಈ ಅಂಕಿಯನ್ನು ಸ್ವಲ್ಪ ಕೆದಕುತ್ತೇನೆ. ರನ್ ಅಂತರಕ್ಕೆ ಒಂದು ಕಾಯಿಲೆ ಇದೆ, ಒಂದೆರಡು ಭಾರೀ ಗೆಲುವು ಸೇರಿದರೆ ಊದಿಕೊಳ್ಳುತ್ತದೆ. ಆ ಜುಲೈ 10ರಂದು ಡಾಡ್ಜರ್ಸ್ ಅರಿಜೋನಾ ಡೈಮಂಡ್‌ಬ್ಯಾಕ್ಸ್‌ನ್ನು 22-1ರಿಂದ ಬಡಿದಿದ್ದರು. ಆಟ ಕೈಬಿಟ್ಟ ಮೇಲೆ ಎದುರಿನ ಟೀಮ್ ಒಳ್ಳೆಯ ಪಿಚರ್‌ಗಳನ್ನು, ಅಂದರೆ ಚೆಂಡು ಎಸೆಯುವವರನ್ನು, ಸುಮ್ನೆ ಸುಸ್ತು ಮಾಡುವುದಿಲ್ಲ. ಆಮೇಲೆ ಬರುವ ರನ್ನಿಗೆ ಅಂಥ ಬೆಲೆ ಇಲ್ಲ. ಸರಿ, ಆ ಆಟವನ್ನೇ ಕಿತ್ತು ಹಾಕಿ ನೋಡಿದೆ. 269 ಹೋಗಿ 248 ಆಯಿತು. ಆಗಲೂ ಡಾಡ್ಜರ್ಸೇ ಮುಂದೆ.

ಹಾಗಾದರೆ ಜೈಂಟ್ಸ್ 107 ಗೆದ್ದದ್ದು ಹೇಗೆ? ಉತ್ತರ ಒಂದು ರನ್ ಅಂತರದ ಆಟಗಳಲ್ಲಿದೆ. ಅಂಥ ಆಟಗಳಲ್ಲಿ ಜೈಂಟ್ಸ್ ಸೋತದ್ದಕ್ಕಿಂತ ಗೆದ್ದದ್ದು ಬಹಳ ಜಾಸ್ತಿ. ಡಾಡ್ಜರ್ಸ್‌ಗೆ ಅಲ್ಲಿ ಸಮಸಮ, ಒಂಬತ್ತು ಇನ್ನಿಂಗ್ಸ್ ಮುಗಿದರೂ ಸಮವಾಗಿ ಎಕ್ಸ್‌ಟ್ರಾ ಇನ್ನಿಂಗ್ಸ್‌ಗೆ ಹೋದ ಆಟಗಳಲ್ಲಂತೂ ಸೋಲೇ ಜಾಸ್ತಿ. 2020ರಿಂದ ಎಕ್ಸ್‌ಟ್ರಾ ಇನ್ನಿಂಗ್ಸ್ ಶುರುವಾಗುವುದೇ ಎರಡನೇ ಬೇಸ್‌ನಲ್ಲಿ, ಅಂದರೆ ರನ್ನಿಗೆ ಅರ್ಧ ದಾರಿಯಲ್ಲಿ, ಒಬ್ಬ ರನ್ನರ್‌ನನ್ನು ನಿಲ್ಲಿಸಿ. ಅಲ್ಲಿ ಟೀಮಿನ ತಾಕತ್ತು ಎಷ್ಟು, ಲಾಟರಿ ಎಷ್ಟು ಅಂತ ಬಿಡಿಸುವುದು ಕಷ್ಟ.

ಸೂತ್ರ ಹೇಳುವವರು ಒಂದು ರನ್ ಗೆಲುವನ್ನು ಪೂರ್ತಿ ಅದೃಷ್ಟ ಅಂತ ತಳ್ಳಿಹಾಕುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಆ ವರ್ಷ ಜೈಂಟ್ಸ್ ಬುಲ್‌ಪೆನ್, ಅಂದರೆ ಆಟದ ನಡುವೆ ಬದಲಿಗೆ ಬರುವ ಪಿಚರ್‌ಗಳ ಪಡೆ, ಗಟ್ಟಿಯಾಗಿತ್ತು. ಪಿಂಚ್ ಹಿಟರ್‌ಗಳು, ಅಂದರೆ ನಡುವೆ ಇನ್ನೊಬ್ಬರ ಬದಲು ಬ್ಯಾಟ್ ಹಿಡಿದು ಬಂದವರು, 18 ಹೋಂ ರನ್ (ಕ್ರಿಕೆಟ್‌ನ ಸಿಕ್ಸರ್ ಇದ್ದ ಹಾಗೆ) ಹೊಡೆದರು. ಅದು ಮೇಜರ್ ಲೀಗ್ ದಾಖಲೆ. ಮ್ಯಾನೇಜರ್ ಗೇಬ್ ಕ್ಯಾಪ್ಲರ್ ಯಾರನ್ನು ಯಾವಾಗ ಇಳಿಸಬೇಕು ಅಂತ ಚೆನ್ನಾಗಿ ಬಲ್ಲವರಾಗಿದ್ದರು. ಬಿಗಿ ಆಟದಲ್ಲಿ ಇದೇ ತಾನೇ ಕೆಲಸಕ್ಕೆ ಬರುವುದು? ಆದ್ದರಿಂದ 103ಕ್ಕೂ 107ಕ್ಕೂ ನಡುವಿನ ನಾಲ್ಕರಲ್ಲಿ ಒಂದೆರಡನ್ನು ಅವರಿಗೇ ಬಿಟ್ಟುಕೊಟ್ಟೆ. ಇದು ಲೆಕ್ಕ ಅಲ್ಲ, ನನ್ನ ಅಂದಾಜು.

ಎದುರಾಳಿಗಳ ವಿಷಯಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ಆಗ ಡಿವಿಷನ್ನಿನ ಒಂದೊಂದು ಟೀಮಿನ ಜೊತೆ 19 ಆಟ ಇರುತ್ತಿತ್ತು. 110 ಆಟ ಸೋತ ಡೈಮಂಡ್‌ಬ್ಯಾಕ್ಸ್ ಇಬ್ಬರಿಗೂ ಅಷ್ಟೇ ಸಲ ಸಿಕ್ಕರು.

ಮುಖಾಮುಖಿ ಆಟಗಳಲ್ಲಿ ಜೈಂಟ್ಸ್ 10, ಡಾಡ್ಜರ್ಸ್ 9. ಇದನ್ನು ನಾನು ಭಾವನಿಗೆ ಹೇಳಿ ಕುಣಿದದ್ದೇನೋ ಹೌದು, ಆದರೆ ಶೀಟ್‌ನಲ್ಲಿ ಅದಕ್ಕೆ ಮಹತ್ವ ಕೊಡಲಿಲ್ಲ. ಆಮೇಲೆ ಅಕ್ಟೋಬರಿನ ಪ್ಲೇಆಫ್‌ನಲ್ಲಿ ಇದೇ ಇಬ್ಬರ ಐದು ಆಟದ ಸರಣಿಯಲ್ಲಿ ಡಾಡ್ಜರ್ಸ್ 3-2ರಿಂದ ಗೆದ್ದರು. ಕೊನೆಯ ಆಟ 2-1. ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಡಾಡ್ಜರ್ಸ್‌ನ ಬೆಲಿಂಜರ್ ಹೊಡೆದ ಒಂದು ಸಿಂಗಲ್, ಕೊನೆಗೆ ಜೈಂಟ್ಸ್‌ನ ವಿಲ್ಮರ್ ಫ್ಲೋರೆಸ್ ಬ್ಯಾಟ್ ಪೂರ್ತಿ ಬೀಸಿದರೋ ಇಲ್ಲವೋ ಅಂತ ಇವತ್ತಿಗೂ ಜಗಳ ಆಗುವ ಅಂಪೈರ್ ತೀರ್ಪು. ಅಲ್ಲಿಗೆ ಮುಖಾಮುಖಿ ಲೆಕ್ಕ 12-12. 24 ಆಟ ಆಡಿ ಸಮ! ಡಿವಿಷನ್ ಪಟ್ಟಿಯಲ್ಲಿನ ಆ ಒಂದು ಆಟದ ಅಂತರದಿಂದಾಗಿ ಡಾಡ್ಜರ್ಸ್ ಈ ಸರಣಿಗೂ ಮೊದಲು ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಜೊತೆ ಒಂದೇ ಆಟದ ವೈಲ್ಡ್ ಕಾರ್ಡ್, ಅಂದರೆ ಡಿವಿಷನ್ ಗೆಲ್ಲದವರಿಗಿರುವ ಅರ್ಹತಾ ಆಟ, ಆಡಬೇಕಾಯಿತು. ಅವತ್ತು ಸೋತಿದ್ದರೆ 106 ಗೆಲುವಿನ ಟೀಮ್ ಮನೆಗೆ ಹೋಗಿರುತ್ತಿತ್ತು.

ನನ್ನನ್ನು ನಿಜವಾಗಿ ಕಾಡಿದ್ದು ಬೇರೆ ಸಂಗತಿ. ಯಾವ ಡಾಡ್ಜರ್ಸ್? ಜುಲೈ ಕೊನೆಗೆ ಅವರು ಪಿಚರ್ ಮ್ಯಾಕ್ಸ್ ಶೆರ್ಜರ್ ಮತ್ತು ಟ್ರೇ ಟರ್ನರ್‌ರನ್ನು ವಾಷಿಂಗ್ಟನ್ ಟೀಮಿನಿಂದ ತಂದರು. ಅಲ್ಲಿಂದ ಸೀಸನ್ ಮುಗಿಯುವವರೆಗೆ ಶೆರ್ಜರ್ 7 ಆಟ ಗೆದ್ದರು, ಒಂದೂ ಸೋಲಲಿಲ್ಲ. ಜೈಂಟ್ಸ್ ಕೂಡ ಕ್ರಿಸ್ ಬ್ರಯಂಟ್‌ರನ್ನು ತಂದರು, ಆದರೆ ಇವೆರಡೂ ಒಂದೇ ತೂಕದ್ದಲ್ಲ. ಏಪ್ರಿಲ್‌ನ ರನ್ನನ್ನೂ ಸೆಪ್ಟೆಂಬರ್‌ನ ರನ್ನನ್ನೂ ಒಂದೇ ರಾಶಿಗೆ ಸುರಿದರೆ ಈ ಬದಲಾವಣೆ ಕಾಣುವುದೇ ಇಲ್ಲ. ಅದಕ್ಕೆ ಆಗಸ್ಟ್‌ನಿಂದ ಮುಂದಿನದಕ್ಕೆ ಬೇರೆ ಕಾಲಂ ಮಾಡುವುದು ರೂಢಿ ಮಾಡಿಕೊಂಡೆ. ಈಗಲೂ ಹಾಗೇ ಮಾಡುತ್ತೇನೆ.

ಕೊನೆಗೆ ಭಾವನಿಗೆ ಹೇಳಿದ್ದು ಇಷ್ಟು: ಡಿವಿಷನ್ ನಮ್ಮದು, ಟೀಮ್ ನಿಮ್ಮದು ಚೂರು ಮೇಲು. ನಾಲ್ಕೈದು ಗೆಲುವಿನಷ್ಟು ಮೇಲು, ಅಷ್ಟೇ.

ಮುಂದಿನ ವರ್ಷ ಡಾಡ್ಜರ್ಸ್ 111 ಗೆದ್ದರು, ಜೈಂಟ್ಸ್ 81. "ನೋಡಿದ್ಯಾ?" ಅಂದರು ಭಾವ. ಇದನ್ನು ನಾನು ಪುರಾವೆ ಅಂತ ಒಪ್ಪಲಿಲ್ಲ. ಜೈಂಟ್ಸ್‌ನ ಬಸ್ಟರ್ ಪೋಸಿ ನಿವೃತ್ತರಾಗಿದ್ದರು, ಪಿಚರ್ ಕೆವಿನ್ ಗಾಸ್ಮನ್ ಟೊರೊಂಟೊ ಟೀಮಿಗೆ ಹೋಗಿದ್ದರು. ಅದು ಬೇರೆಯೇ ಟೀಮ್. ಅದೂ ಅಲ್ಲದೆ ಆ 111 ಗೆಲುವಿನ ಡಾಡ್ಜರ್ಸ್‌ನ್ನು ಅಕ್ಟೋಬರಿನಲ್ಲಿ ಮನೆಗೆ ಕಳಿಸಿದ್ದು ಇದೇ ಡಿವಿಷನ್ನಿನ ಸ್ಯಾನ್ ಡಿಯಾಗೊ ಪಾದ್ರೇಸ್.