ಶಿರಸಿಯಲ್ಲಿ ಮುಹೂರ್ತ, ಕ್ಯಾಲಿಫೋರ್ನಿಯಾದಲ್ಲಿ ಸಂಸಾರ: ಮದುವೆಗೆ ಮುಂಚಿನ ಒಪ್ಪಂದ ಗಟ್ಟಿಯಾಗಿರಬೇಕಾದರೆ

ಕ್ಯಾಲಿಫೋರ್ನಿಯಾದಲ್ಲಿ ಸಂಸಾರ ಮಾಡುವವರಿಗೆ ಮದುವೆಯ ದಿನದಿಂದ ದುಡಿದದ್ದೆಲ್ಲ ಅರ್ಧರ್ಧ. ಸಂಬಳ ಯಾರ ಖಾತೆಗೆ ಬಂತು ಅನ್ನುವುದು ಲೆಕ್ಕಕ್ಕಿಲ್ಲ. ಮದುವೆಗೆ ಮುಂಚೆ ಇದ್ದದ್ದು, ಉಡುಗೊರೆಯಾಗಿ ಬಂದದ್ದು, ಹಿರಿಯರಿಂದ ಬಂದ ಆಸ್ತಿ ಅವರವರದ್ದು. ಈ ನಿಯಮ ಬೇಡ, ನಮ್ಮದೇ ಲೆಕ್ಕ ಇರಲಿ ಅನ್ನುವವರು ಮದುವೆಗೆ ಮುಂಚೆಯೇ ಬರೆದು ಸಹಿ ಹಾಕಬೇಕು. ಅದೇ ಪ್ರಿನಪ್.

ನಮ್ಮ ಕಡೆ ಇದು ಹೊಸ ಮಾತು ಅನ್ನಿಸಬಹುದು. ಆದರೆ ಕಾರವಾರದಿಂದ ಕಾಳಿ ಸೇತುವೆ ದಾಟಿ, ಮಾಜಾಳಿ ಕಳೆದು ಗೋವಾಕ್ಕೆ ಹೋದರೆ ಇಂಥದ್ದೇ ಪದ್ಧತಿ ಇದೆ. ಅಲ್ಲಿ ಪೋರ್ಚುಗೀಸರ ಕಾಲದ ಸಿವಿಲ್ ಕಾನೂನು ಇನ್ನೂ ನಡೆಯುತ್ತದೆ. ಮದುವೆಗೆ ಮುಂಚೆ ಬೇರೆ ಒಪ್ಪಂದ ಮಾಡಿಕೊಳ್ಳದಿದ್ದರೆ ಗಂಡ ಹೆಂಡತಿಯ ಆಸ್ತಿ ಒಂದಾಗುತ್ತದೆ. ಮಾಜಾಳಿಯ ಈ ಕಡೆ ಹಾಗಿಲ್ಲ. ಹಿಂದೂ ಮದುವೆಗೆ ಮುಂಚೆ ಮಾಡಿಕೊಂಡ ಒಪ್ಪಂದಕ್ಕೆ ಇಲ್ಲಿ ಪ್ರತ್ಯೇಕ ಕಾನೂನಿನ ಆಸರೆ ಇಲ್ಲ. ಕೋರ್ಟಿಗೆ ಹೋದರೆ, ಸಾರ್ವಜನಿಕ ನೀತಿಗೆ ವಿರುದ್ಧವಾದ ಕರಾರು ನಡೆಯುವುದಿಲ್ಲ ಅನ್ನುವ 1872ರ ಕರಾರು ಕಾಯ್ದೆಯ 23ನೇ ಕಲಮು ಅಡ್ಡ ಬರಬಹುದು. ಅಂದರೆ ಕ್ಯಾಲಿಫೋರ್ನಿಯಾದ ಪ್ರಿನಪ್ ನಂಬಿ ಊರಿನ ಆಸ್ತಿಯ ಜಗಳವೂ ಮುಗಿಯಿತು ಅಂದುಕೊಳ್ಳಬೇಡಿ. ಊರಿನ ಜಮೀನಿನ ಹಕ್ಕಿನ ಪ್ರಶ್ನೆ ಊರಿನ ಕೋರ್ಟಿನದು.

ನಮ್ಮವರು ಹೆಚ್ಚಾಗಿ ಎಡವುವುದು ತಾರೀಖಿನಲ್ಲಿ. ಪ್ರಿನಪ್ ಜಾರಿಗೆ ಬರುವುದು ಮದುವೆಯಿಂದ, ಹಾಗಾಗಿ ಸಹಿ ಅದಕ್ಕೆ ಮುಂಚೆ ಬೀಳಬೇಕು. ಯಾವ ಮದುವೆ? ಏಪ್ರಿಲ್‌ನಲ್ಲಿ ಶಿರಸಿಯಲ್ಲಿ ಧಾರೆ, ಸಪ್ತಪದಿ ಆಗುತ್ತದೆ. ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಕೌಂಟಿ (ಜಿಲ್ಲಾ) ಕಚೇರಿಯಲ್ಲಿ ಇನ್ನೊಮ್ಮೆ ಮದುವೆ ಆಗೋಣ, ಅದಕ್ಕೆ ಮುಂಚೆ ಸಹಿ ಹಾಕಿದರಾಯಿತು ಅಂದುಕೊಳ್ಳುವವರಿದ್ದಾರೆ. ಅದು ತಪ್ಪು. ಮದುವೆ ನಡೆದ ಜಾಗದ ಕಾನೂನಿನಂತೆ ಸರಿಯಾಗಿದ್ದರೆ ಕ್ಯಾಲಿಫೋರ್ನಿಯಾ ಅದನ್ನು ಒಪ್ಪುತ್ತದೆ. ಶಿರಸಿಯ ಮುಹೂರ್ತ ಮುಗಿದರೆ ನೀವು ಗಂಡ ಹೆಂಡತಿ. ಆಮೇಲೆ ಹಾಕಿದ ಸಹಿ ಪ್ರಿನಪ್ ಅಲ್ಲ, ದಂಪತಿಗಳ ನಡುವಿನ ಒಪ್ಪಂದ. ಅದರಲ್ಲಿ ಒಬ್ಬರಿಗೆ ಅನ್ಯಾಯದ ಲಾಭ ಸಿಕ್ಕಿದ್ದರೆ, ಒತ್ತಡ ಹಾಕಿ ಬರೆಸಿಕೊಂಡದ್ದು ಅಂತಲೇ ಕೋರ್ಟು ಮೊದಲು ನೋಡುತ್ತದೆ. ಒತ್ತಡ ಇರಲಿಲ್ಲ ಅಂತ ತೋರಿಸುವ ಹೊರೆ ಲಾಭ ಪಡೆದವರ ಮೇಲೆ.

ಇನ್ನು ಏಳು ದಿನದ ಲೆಕ್ಕ. ಕೊನೆಯ ಕರಡು ಕೈಗೆ ಬಂದ ಮೇಲೆ ಸಹಿ ಹಾಕುವುದಕ್ಕೆ ಕನಿಷ್ಠ 7 ದಿನ ಬಿಡಬೇಕು. 2020ರಿಂದ ಈಚೆಗೆ ಲಾಯರ್ ಇದ್ದರೂ ಇಲ್ಲದಿದ್ದರೂ ಇದು ಕಡ್ಡಾಯ. ಈ ನಿಯಮದ ಹಿಂದೆ ಒಂದು ಕೇಸಿನ ಕಥೆ ಇದೆ. ಬೇಸ್‌ಬಾಲ್ ಆಟಗಾರ ಬ್ಯಾರಿ ಬಾಂಡ್ಸ್ 1988ರಲ್ಲಿ ಮದುವೆಯ ಹಿಂದಿನ ದಿನ ಪ್ರಿನಪ್‌ಗೆ ಸಹಿ ಮಾಡಿಸಿದ. ವಧು ಸ್ವೀಡನ್ನಿನಿಂದ ಬಂದವಳು. ಅವಳ ಪರವಾಗಿ ಲಾಯರ್ ಇರಲಿಲ್ಲ. ಆದರೂ 2000ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು ಒಪ್ಪಂದವನ್ನು ಎತ್ತಿಹಿಡಿಯಿತು. ಆಮೇಲೆ ಶಾಸನಸಭೆ ಕಾನೂನನ್ನೇ ಬಿಗಿ ಮಾಡಿತು. ನನ್ನ ಕೇಳಿದರೆ ಏಳು ದಿನವೂ ಸಾಲದು. ಊರಿಗೆ ಟಿಕೆಟ್ ಬುಕ್ ಮಾಡುವ ಮುಂಚೆಯೇ ಸಹಿ ಮುಗಿಸಿ. ಸೀರೆ ಆರಿಸುವ, ಕರೆಯ ಹೋಗುವ ಗಡಿಬಿಡಿಯಲ್ಲಿ ಯಾರೂ ಕರಾರು ಓದಿ ಅರ್ಥ ಮಾಡಿಕೊಳ್ಳುವುದಿಲ್ಲ, ಅಲ್ವಾ?

ಇಬ್ಬರಿಗೂ ಬೇರೆ ಬೇರೆ ಲಾಯರ್ ಇರಲಿ. ಖರ್ಚು ಉಳಿಸಲು ಒಬ್ಬರೇ ಲಾಯರ್ ಸಾಕು ಅನ್ನುವುದು ಅಪಾಯ. ಲಾಯರ್ ಬೇಡ ಅನ್ನುವವರು ಅದನ್ನು ಬೇರೆ ಕಾಗದದಲ್ಲಿ ಬರೆದು ಸಹಿ ಹಾಕಬೇಕು. ಏನನ್ನು ಬಿಟ್ಟುಕೊಡುತ್ತಿದ್ದೇನೆ ಅನ್ನುವುದು ಅವರಿಗೆ ಲಿಖಿತವಾಗಿ ಗೊತ್ತಾಗಿರಬೇಕು, ಆ ವಿವರಣೆಯ ಭಾಷೆಯೂ ಒಪ್ಪಂದದ ಭಾಷೆಯೂ ಅವರಿಗೆ ಚೆನ್ನಾಗಿ ಬರಬೇಕು. ಊರಿನಲ್ಲೇ ಬೆಳೆದು, ಕೋರ್ಟಿನ ಇಂಗ್ಲಿಷ್ ಅಭ್ಯಾಸವಿಲ್ಲದ ಹುಡುಗಿ ಸುಮ್ನೆ ತಲೆ ಆಡಿಸಿದ್ದು ಒಪ್ಪಿಗೆ ಅಲ್ಲ.

ಆಸ್ತಿಯ ಪಟ್ಟಿ ಪೂರ್ತಿ ಇರಬೇಕು. ಮುಚ್ಚಿಟ್ಟದ್ದು ಹೊರಬಿದ್ದರೆ ಒಪ್ಪಂದವೇ ಬಿದ್ದುಹೋಗಬಹುದು. ಶಿರಸಿ, ಸಿದ್ದಾಪುರದ ಕಡೆಯವರು ತಪ್ಪುವುದು ತೋಟದ ವಿಷಯದಲ್ಲಿ. ‘ಪಾಲಾಗಿಲ್ಲ, ಅಪ್ಪಯ್ಯನ ಹೆಸರಿನಲ್ಲೇ ಇದೆ, ನನ್ನದು ಅಂತ ಏನಿದೆ’ ಅಂತ ಬಿಟ್ಟುಬಿಡುತ್ತಾರೆ. ಪಿತ್ರಾರ್ಜಿತವಾದರೆ ಪಾಲಾಗದಿದ್ದರೂ ಹಕ್ಕು ಹಕ್ಕೇ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಅಷ್ಟೇ ಹಕ್ಕು. ಭೂಮಿ ವೆಬ್‌ಸೈಟಿನಿಂದ ಪಹಣಿ ತೆಗೆದು ಸರ್ವೆ ನಂಬರ್, ಎಕರೆ ಗುಂಟೆ, ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆದು ಲಾಯರ್‌ಗೆ ಕೊಡಿ. ಸೊಪ್ಪಿನ ಬೆಟ್ಟವನ್ನು, ಅಂದರೆ ತೋಟದವರ ಬಳಕೆಗೆ ಬಿಟ್ಟ ಕಾಡನ್ನು, ಬೇರೆ ಸಾಲಿನಲ್ಲಿ ಬರೆಯಿರಿ. ಅಲ್ಲಿ ಇರುವುದು ಸೊಪ್ಪು, ದರಕು (ಒಣಗಿದ ಎಲೆ) ತರುವ ಹಕ್ಕು, ಮಾರುವ ಹಕ್ಕಲ್ಲ.

ತೋಟ ನಿಮ್ಮದೇ ಆಗಿ ಉಳಿದರೂ ಹಣ ಬೆರೆತರೆ ತೊಡಕು ಶುರು. ಮದುವೆಯಾಗಿ ಮೂರು ವರ್ಷಕ್ಕೆ ಬೋರ್‌ವೆಲ್ ಬತ್ತಿತು ಅನ್ನಿ. ಜಂಟಿ ಖಾತೆಯಿಂದ ಇಪ್ಪತ್ತು ಸಾವಿರ ಡಾಲರ್ ಊರಿಗೆ ಹೋಯಿತು. ಹೊಸ ಬೋರು, ಹನಿ ನೀರಾವರಿ ಪೈಪು, ಅಡಿಕೆ ಒಣಗಿಸಲು ಕಾಂಕ್ರೀಟ್ ಅಂಗಳ, ಎಲ್ಲ ಆಯಿತು. ಆ ಹಣದಲ್ಲಿ ಅರ್ಧ ಹೆಂಡತಿಯದು. ನಾಳೆ ಬೇರೆಯಾದರೆ ಅದನ್ನು ವಾಪಸ್ ಕೇಳಬಹುದು. ಕೇಳುವುದು ನ್ಯಾಯವೂ ಹೌದು. ಅದಕ್ಕೇ ಒಂದು ಸಾಲು ಬರೆದಿಡಿ: ಊರಿಗೆ ಕಳಿಸಿದ ಹಣ ಉಡುಗೊರೆಯೋ, ಸಾಲವೋ, ಅರ್ಧ ಮರಳಿ ಕೊಡಬೇಕೋ. ಅಡಿಕೆ ಮಾರಿದ ದುಡ್ಡನ್ನು ಎನ್‌ಆರ್‌ಒ ಖಾತೆಯಲ್ಲೇ (ಅನಿವಾಸಿಗಳು ಭಾರತದಲ್ಲಿ ಇಡುವ ರೂಪಾಯಿ ಖಾತೆ) ಇಡಿ, ಇಲ್ಲಿನ ಜಂಟಿ ಖಾತೆಗೆ ತರಬೇಡಿ.

ತವರಿನ ಬಂಗಾರ ಹುಡುಗಿಯದು. ಒಂದೊಂದು ಒಡವೆಯ ಫೋಟೋ, ತೂಕ ಪಟ್ಟಿಯಲ್ಲಿ ಇರಲಿ. ಅತ್ತೆಮನೆಯಿಂದ ಹಾಕುವುದು ಯಾರದ್ದು ಅನ್ನುವುದನ್ನೂ ಈಗಲೇ ಬರೆಯಿರಿ. ಆಮೇಲೆ ಜಗಳ ಬರುವುದು ಅದಕ್ಕೇ.

ಏನು ಬೇಕಾದರೂ ಬರೆಯಲು ಬರುವುದಿಲ್ಲ. ಮಕ್ಕಳ ಖರ್ಚಿನ ಹಕ್ಕನ್ನು ಅಪ್ಪ ಆಯಿ ಮೊದಲೇ ಬಿಟ್ಟುಕೊಡಲಾಗದು. ಬೇರೆಯಾದರೆ ಜೀವನಾಂಶ ಬೇಡ ಅಂತ ಬರೆಯಬಹುದು. ಆದರೆ ಸಹಿ ಹಾಕುವಾಗ ಬಿಟ್ಟುಕೊಡುವವರ ಪರ ಪ್ರತ್ಯೇಕ ಲಾಯರ್ ಇರಲೇಬೇಕು. ಇದ್ದರೂ, ಮುಂದೆ ಜಾರಿ ಮಾಡುವ ಹೊತ್ತಿಗೆ ಅದು ತೀರಾ ಅನ್ಯಾಯವಾಗಿ ಕಂಡರೆ ಕೋರ್ಟು ಒಪ್ಪುವುದಿಲ್ಲ. ಎಚ್-1ಬಿ ಕೆಲಸದ ವೀಸಾದವರ ಸಂಗಾತಿಗೆ ಸಿಗುವ ಎಚ್-4 ವೀಸಾದಲ್ಲಿ, ಊರಿನ ಕೆಲಸ ಬಿಟ್ಟು ಬರುವವರಿಗೆ ನಾನು ಕೈ ಮುಗಿದು ಹೇಳುವುದು ಇಷ್ಟೇ: ಈ ಹಕ್ಕು ಬಿಡಬೇಡಿ. ಬಂದ ಕೂಡಲೇ ಕೆಲಸಕ್ಕೆ ಅನುಮತಿ ಇರುವುದಿಲ್ಲ, ಕೈಯಲ್ಲಿ ಸಂಬಳ ಇರುವುದಿಲ್ಲ. ಕೆಟ್ಟ ಕಾಲಕ್ಕೆ ಆಧಾರ ಅದೊಂದೇ.

ಗ್ರೀನ್ ಕಾರ್ಡಿಗೆ ಸಂಗಾತಿಯನ್ನು ಸ್ಪಾನ್ಸರ್ ಮಾಡುವವರು ಐ-864 ಅನ್ನುವ ಫಾರಂಗೆ ಸಹಿ ಹಾಕುತ್ತಾರೆ. ಬಡತನ ರೇಖೆಯ 125 ಶೇಕಡಾ ಮಟ್ಟಕ್ಕೆ ಅವರನ್ನು ಸಾಕುತ್ತೇನೆ ಅಂತ ಸರ್ಕಾರಕ್ಕೆ ಕೊಡುವ ಮಾತು ಅದು. ವಿಚ್ಛೇದನ ಆದರೂ ಅದು ಮುಗಿಯುವುದಿಲ್ಲ. ಪ್ರಿನಪ್‌ನಲ್ಲಿ ಬರೆದು ಅದರಿಂದ ತಪ್ಪಿಸಿಕೊಳ್ಳಲೂ ಆಗದು ಅಂತ 2016ರಲ್ಲಿ ಇಲ್ಲಿನ ಒಂಬತ್ತನೇ ಸರ್ಕಿಟ್ ಮೇಲ್ಮನವಿ ಕೋರ್ಟು ಹೇಳಿದೆ.

ಕಂಪನಿಯ ಷೇರು ಇದ್ದವರು ಒಂದನ್ನು ನೋಡಿಕೊಳ್ಳಿ. ಕೊಡುತ್ತೇವೆ ಅಂತ ಕಂಪನಿ ಮದುವೆಗೆ ಮುಂಚೆ ಬರೆದುಕೊಟ್ಟು, ಮದುವೆಯಾದ ಮೇಲೆ ಕೈಗೆ ಬರುವ ಷೇರಿನಲ್ಲಿ ಸ್ವಲ್ಪ ಭಾಗ ಇಬ್ಬರದೂ ಆಗುತ್ತದೆ. 401ಕೆ, ಅಂದರೆ ಕಂಪನಿಯ ಮೂಲಕ ಮಾಡುವ ನಿವೃತ್ತಿ ಉಳಿತಾಯದ ವಿಷಯ ಇನ್ನೂ ಸೂಕ್ಷ್ಮ. ನೀವು ತೀರಿಕೊಂಡರೆ ಆ ಹಣ ಗಂಡನಿಗೆ ಅಥವಾ ಹೆಂಡತಿಗೆ ಅನ್ನುವುದು ಅಮೆರಿಕದ ಕೇಂದ್ರದ ಕಾನೂನು. ಅದನ್ನು ಬಿಟ್ಟುಕೊಡಲು ಮದುವೆಗೆ ಮುಂಚಿನ ಸಹಿ ನಡೆಯುವುದಿಲ್ಲ, ಆಗ ಅವರು ಇನ್ನೂ ಸಂಗಾತಿ ಅಲ್ಲವಲ್ಲ. ತಂಗಿಯ ಹೆಸರೋ ಆಯಿಯ ಹೆಸರೋ ಬರೆಯಬೇಕಿದ್ದರೆ, ಮದುವೆಯಾದ ಮೇಲೆ ಆ ಪ್ಲಾನಿನದೇ ಫಾರಂನಲ್ಲಿ ನೋಟರಿ ಎದುರು ಇನ್ನೊಮ್ಮೆ ಸಹಿ ಬೇಕು.

ಮನೆಯಲ್ಲಿ ಈ ಮಾತು ಎತ್ತಿದರೆ ‘ಶುಭಕಾರ್ಯಕ್ಕೆ ಮುಂಚೆ ಬಿಡುಗಡೆ ಮಾತು ಯಾಕೆ’ ಅನ್ನುತ್ತಾರೆ. ಹಿರಿಯರ ಹೆದರಿಕೆ ಸುಳ್ಳಲ್ಲ. ಆದರೆ ಇದು ಮಾಣಿ ಮತ್ತು ಕೂಸು, ಅಂದರೆ ಹುಡುಗ ಹುಡುಗಿ, ಮೊದಲು ಇಬ್ಬರೇ ಕುಳಿತು ಆಡಬೇಕಾದ ಮಾತು. ಇಬ್ಬರೂ ಒಪ್ಪಿದ ಮೇಲೆ ಮನೆಯವರಿಗೆ ಒಟ್ಟಿಗೇ ಹೇಳಿ. ಒಂದು ಕಡೆಯ ಅಪ್ಪಯ್ಯ ಇನ್ನೊಂದು ಕಡೆಯ ಮಾವನಿಗೆ ಫೋನ್ ಮಾಡಿ ತಿಳಿಸುವ ಹಾಗೆ ಆದರೆ ಅದು ಬೇಡಿಕೆ ಅನ್ನಿಸಿಬಿಡುತ್ತದೆ.

ಬರೆದದ್ದನ್ನು ಮುಂದೆ ತಿದ್ದಬಹುದು. ಮಗು ಹುಟ್ಟಿ ಒಬ್ಬರು ಕೆಲಸ ಬಿಟ್ಟಾಗ, ಊರಿಗೇ ಮರಳುವ ಯೋಚನೆ ಬಂದಾಗ ತೆಗೆದು ಓದಿ. ಬದಲಾವಣೆ ಇದ್ದರೆ ಹೊಸದಾಗಿ ಬರೆದು ಇಬ್ಬರೂ ಸಹಿ ಹಾಕಬೇಕು. ಬಾಯಿಮಾತಿನ ತಿದ್ದುಪಡಿ ನಡೆಯುವುದಿಲ್ಲ.