ಕ್ಯಾಲೆಂಡರ್ ಚೌಕದಲ್ಲಿ ದಿನಕ್ಕೊಂದು ಒಳ್ಳೆಯದು
ಮನೆಯೊಳಗೇ ಕಳೆಯುವ ದಿನಗಳೆಲ್ಲ ಒಂದೇ ತೆರನಾಗಿ ಕಾಣುತ್ತಿದ್ದರೆ, ಆಯಾ ದಿನ ಕಂಡ ಒಂದು ಒಳ್ಳೆಯ ಸಂಗತಿಯನ್ನು ರಾತ್ರಿ ಗೋಡೆಯ ಕ್ಯಾಲೆಂಡರ್‌ನ ಚೌಕದಲ್ಲಿ ನಾಲ್ಕೈದು ಪದಗಳಲ್ಲಿ ಬರೆಯಿರಿ. ‘ದಿನ ಚೆನ್ನಾಗಿತ್ತು’ ಎಂದರೆ ಪ್ರಯೋಜನವಿಲ್ಲ. ‘ಮಗಳು ತಟ್ಟಿದ ಜೋಳದ ರೊಟ್ಟಿ ಉಬ್ಬಿತು’, ‘ಮಾಳಿಗೆಯ ಮೇಲೆ ಬೇವಿನ ಹೂವಿನ ಘಮ’ ಎಂಬಂತೆ ಕಣ್ಣಿಗೆ ಕಟ್ಟುವ ಹಾಗಿರಲಿ. ಮನಸ್ಸು ಕೆಟ್ಟ ಸುದ್ದಿಯನ್ನು ತಾನಾಗಿಯೇ ಹಿಡಿದಿಟ್ಟುಕೊಳ್ಳುತ್ತದೆ, ಒಳ್ಳೆಯದನ್ನು ಬೇಗ ಬಿಟ್ಟುಬಿಡುತ್ತದೆ. ರಾತ್ರಿ ಬರೆಯಬೇಕೆಂದು ಗೊತ್ತಿದ್ದರೆ ಹಗಲೆಲ್ಲ ಕಣ್ಣು ಅದನ್ನೇ ಹುಡುಕುತ್ತಿರುತ್ತದೆ. ಕಲಬುರಗಿಯ 40 ಡಿಗ್ರಿ ಬಿಸಿಲಿಗೆ ಬಾಗಿಲು ಹಾಕಿಕೊಂಡು ಕೂತ ಮಧ್ಯಾಹ್ನಗಳಲ್ಲಿ ಇದು ನಿಜಕ್ಕೂ ಆಸರೆ. ಟಿವಿ ಸುದ್ದಿ ನೋಡುವ ಮೊದಲೇ ಬರೆದುಬಿಡಿ. ಆದರೆ ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಿದ್ದರೆ, ಕೂಲಿ ನಿಂತು ಒಲೆ ಉರಿಯದಿದ್ದರೆ ಇದು ನಡೆಯದು. ಅಂಥವರಿಗೆ ಬರೆಯಲು ಹೇಳಬೇಡಿ, ಒಂದು ಸೇರು ತೊಗರಿ ಬೇಳೆ ಅವರ ಬಾಗಿಲಲ್ಲಿಟ್ಟು ಬನ್ನಿ.